ಡಬ್ಬಿಗೆ ಬೀಳದ ಚಾಕು

ನಮ್ಮ ಭಾವ ಸೋಫಾ ರಿಪೇರಿಯವರು. ಊರಿನ ದೊಡ್ಡ ಮನುಷ್ಯರ ಗಾದಿಗಳೆಲ್ಲ ಅವರ ಕೈಯಲ್ಲೇ ಭದ್ರ ಎಂದು ಅಕ್ಕ ಹೇಳಿಕೊಂಡರೆ ಅದರಲ್ಲಿ ಸುಳ್ಳೇನಿಲ್ಲ. ಹಳೇ ಸೋಫಾದ ಬಟ್ಟೆ ಬಿಚ್ಚಿದರೆ ಒಳಗೊಂದು ಸಂಸಾರವೇ ಸಿಗುತ್ತದೆ: ಚಿಲ್ಲರೆ, ಹೇರ್‌ಪಿನ್ನು, ಪೆನ್ನಿನ ಮುಚ್ಚಳ, ಒಮ್ಮೆ ಒಂದು ಹಾಲುಹಲ್ಲು. ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕಿ ಸೋಫಾದ ಜೊತೆ ವಾಪಸು ಕಳಿಸುವುದು ಅವರಪ್ಪ ಕಲಿಸಿದ ಪದ್ಧತಿ. ಹಲ್ಲನ್ನೂ ಕಳಿಸಿದ್ದರು. ಆ ಡಬ್ಬಿಯ ದೆಸೆಯಿಂದಲೇ ಜನ ಮನೆಯ ಬೀಗದ ಕೈಯನ್ನೂ ಅವರಿಗೆ ಕೊಟ್ಟು ಹೋಗುತ್ತಾರೆ.

ಎರಡು ವರ್ಷದ ಹಿಂದೆ ವಕೀಲರೊಬ್ಬರ ಸೋಫಾ ಬಿಚ್ಚಿದಾಗ ಒಂದು ಚಾಕು ಸಿಕ್ಕಿತು. ಅಂಗೈಯುದ್ದದ್ದು. ಮಡಚುವ ಜಾತಿಯದಲ್ಲ, ಚರ್ಮದ ಒರೆಯ ಸಮೇತ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಇದೆಯೆಂದೇ ಗೊತ್ತಾಗದು. ಕಪ್ಪು ಮರದ ಹಿಡಿ, ಕನ್ನಡಿಯಂಥ ಅಲಗು. ಅದರ ಬೆಲೆಗೆ ಒಂದು ಸೋಫಾ ಬರುತ್ತದೆಂದು ಭಾವನಿಗೆ ಆಗ ಗೊತ್ತಿರಲಿಲ್ಲ. ಮೂವತ್ತು ವರ್ಷ ಊರವರನ್ನೆಲ್ಲ ಹಾಯಾಗಿ ಕೂರಿಸಿದವರ ಕೈಯಲ್ಲಿ ಮೊದಲ ಸಲ ಏನೋ ಒಂದು ಹಾಯಾಗಿ ಕೂತಿತ್ತು, ಅಷ್ಟೇ.

ಇವತ್ತೊಂದು ದಿನ ರೆಕ್ಸಿನ್ ಕತ್ತರಿಸಿ ನೋಡೋಣ ಎಂದುಕೊಂಡರು. ಡಬ್ಬಿ ಹೋಯಿತು, ಚಾಕು ಉಳಿಯಿತು. ವಾರದೊಳಗೆ ಕಸುಬಿನ ಚಾಳಿಯಂತೆ ಅದನ್ನು ಕಲ್ಲಿಗೆ ಹಿಡಿದು ಒಂದೇ ಮಗ್ಗುಲು ಮಸೆದರು. ಇನ್ನೊಂದು ಮಗ್ಗುಲು ಚಪ್ಪಟೆಯಿದ್ದರೇ ರೆಕ್ಸಿನ್ ಗೆರೆ ತಪ್ಪದೆ ಸೀಳುವುದು. ಎಲ್ಲಿಯದು ಎಂದು ಅಕ್ಕ ಕೇಳಿದ್ದಕ್ಕೆ "ಹಳೇದು" ಎಂದರು. ಸುಳ್ಳಲ್ಲ, ನಿಜವೂ ಅಲ್ಲ.

ಮೊನ್ನೆ ಆ ವಕೀಲರು ಒಂದು ಕುರ್ಚಿ ಹಿಡಿದುಕೊಂಡು ಅಂಗಡಿಗೆ ಬಂದರು. ಸೋಫಾ ಹೇಗಿದೆ ಎಂದು ಭಾವ ವಿಚಾರಿಸಿದರು. ಕೂರೋಕೆ ಜನ ಬೇಕಲ್ಲ ಎಂದು ವಕೀಲರು ನಿಟ್ಟುಸಿರುಬಿಟ್ಟರು. ಅವರ ತಮ್ಮ ಪ್ರತಿ ಭಾನುವಾರ ಬಂದು ಅದರಲ್ಲೇ ಕೂರುತ್ತಿದ್ದನಂತೆ. ಸದಾ ಜೊತೆಗಿರಲಿ ಎಂದು ತಾವು ಆಸೆಪಟ್ಟು ತರಿಸಿದ್ದ ಚಾಕುವನ್ನು ಅವನೂ ಆಸೆಯಿಂದ ತಿರುಗಿಸಿ ನೋಡುತ್ತಿದ್ದನಂತೆ. ಸೋಫಾ ರಿಪೇರಿಗೆ ಕೊಡುವುದಕ್ಕೆ ಹಿಂದಿನ ವಾರ ಅದು ಕಾಣೆಯಾಯಿತು.

"ಕದ್ಯಾ ಅಂತ ಕೇಳ್ಲಿಲ್ಲ ಕಣ್ರೀ. ನೋಡಿದ್ಯಾ ಅಂದೆ, ಅಷ್ಟೇ. ಎದ್ದು ಹೋದೋನು ಇವತ್ತಿಗೂ ಬಂದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಗಾದೆಯಲ್ಲಿ. ಭಾವ ಮುಟ್ಟಿಕೊಂಡದ್ದು ಸೊಂಟ. ಚಾಕು ಅಂಗಿಯ ಮರೆಯಲ್ಲೇ ಇತ್ತು. ತೆಗೆಯಲು ಕೈ ಬರಲಿಲ್ಲ. ಅಂದೇ ಡಬ್ಬಿಗೆ ಹಾಕಿದ್ದರೆ ಅಣ್ಣತಮ್ಮಂದಿರದು ಒಂದು ವಾರದ ಮುನಿಸು. ಈಗ ಎರಡು ವರ್ಷದ್ದು.

ಕುರ್ಚಿಯ ಕೆಲಸ ಮುಗಿಸಿದರು. ಕೊನೆಗೆ ಅಕ್ಕನಿಗೆ ಎಲ್ಲ ಹೇಳಿ, ಒಂದು ಉಪಾಯವನ್ನೂ ಹೇಳಿದರು: ಕುರ್ಚಿ ತಲುಪಿಸುವಾಗ ಚಾಕುವನ್ನು ಸೋಫಾದ ಸಂದಿಗೆ ತುರುಕಿ, ಅರೆ, ಇಲ್ಲೇ ಇದೆಯಲ್ಲ ಎಂದರಾಯಿತು.

ಅಕ್ಕ ಅಲಗನ್ನು ಬೆಳಕಿಗೆ ಹಿಡಿದು ನೋಡಿದಳು. "ಸೋಫಾ ಚಾಕು ನುಂಗುತ್ತೆ, ಒಪ್ಕೋತೀನಿ. ಮಸೆಯೋದು ಯಾವಾಗ ಕಲೀತು?"

ಮರುದಿನ ಭಾವ ಕುರ್ಚಿಯ ಜೊತೆ ಒಂದು ಡಬ್ಬಿಯನ್ನೂ ಒಯ್ದರು. ಒಳಗೆ ಚಾಕು ಒಂದೇ. ನಡೆದದ್ದನ್ನು ಒಂದಕ್ಷರ ಮಸೆಯದೆ ಹೇಳಿದರು. ವಕೀಲರು ಅಲಗಿನ ಮೇಲೆ ಹೆಬ್ಬೆರಳಾಡಿಸಿ ನೋಡಿದರು.

"ನನಗೆ ಹೇಳಿದ್ದು ಸಾಲ್ದು. ಅವನ ಮನೆಗೆ ನಡೀರಿ. ನೀವು ನಿಮ್ಮದು ಹೇಳಿ, ನಾನು ನನ್ನದು ಹೇಳ್ತೀನಿ."

ವಕೀಲರ ತಮ್ಮ ಇಬ್ಬರ ಮಾತನ್ನೂ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಆಮೇಲೆ ಅಣ್ಣನನ್ನು ಒಳಗೆ ಕರೆದು ಕೂರಿಸಿದ. ಭಾವನನ್ನು ಕರೆಯಲಿಲ್ಲ. ಅವರು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದು, ಖಾಲಿ ಡಬ್ಬಿ ಹಿಡಿದು ನಡೆದುಕೊಂಡೇ ಬಂದರು. ದಾರಿಯಲ್ಲಿ ಎರಡು ಸಲ ಕೈ ತಾನಾಗಿ ಸೊಂಟಕ್ಕೆ ಹೋಯಿತಂತೆ.