ಬಲಕ್ಕೆ ಹಾಸಿದ ನಡೆಮಡಿ

ಮೊನ್ನೆ ನಂಜನಗೂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ತಳ್ಳುಗಾಡಿಯಲ್ಲಿ ಯಾರೋ ಇದ್ದಿಲಿನ ಇಸ್ತ್ರಿಪೆಟ್ಟಿಯನ್ನು ಒದ್ದೆ ಪಂಚೆಯ ಮೇಲೆ ಎಳೆದರು. ಆ ಹಬೆ, ಇದ್ದಿಲು, ಗಂಜಿ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು ನೋಡಿ, ಬಂದ ಬಸ್ಸನ್ನೂ ಬಿಟ್ಟು ನಿಂತುಬಿಟ್ಟೆ. ನಮ್ಮೂರ ಮಡಿವಾಳಣ್ಣ ನೆನಪಾದರು...

ಅಣ್ಣ ಅನ್ನುವುದು ಈಗ. ಹುಲ್ಲಹಳ್ಳಿ ಕಡೆಯ ನಮ್ಮೂರಲ್ಲಿ ನಮ್ಮ ಬಟ್ಟೆ ಒಗೆಯುತ್ತಿದ್ದ ಅವರಿಗೆ ನಮ್ಮಪ್ಪನ ವಯಸ್ಸು. ಆದರೂ ಚಿಕ್ಕ ಮಕ್ಕಳು ಕೂಡ ‘ಬಾರೋ, ಹೋಗೋ’ ಎಂದೇ ಕರೆಯುತ್ತಿದ್ದೆವು. ಅವರು ನಮ್ಮನ್ನು ‘ಬುದ್ಧಿ’ ಅನ್ನುತ್ತಿದ್ದರು. ಥೂ, ನೆನೆದರೆ ನಾಚಿಕೆಯಾಗುತ್ತದೆ.

ವರ್ಷಕ್ಕೊಮ್ಮೆ ದೇವರ ಪಲ್ಲಕ್ಕಿ ಊರು ಸುತ್ತುವಾಗ ಹೊತ್ತವರ ಕಾಲು ಬರಿ ನೆಲ ಮುಟ್ಟುವಂತಿರಲಿಲ್ಲ. ಮಡಿವಾಳಣ್ಣ ಮುಂದೆ ಮುಂದೆ ಒಗೆದ ಸೀರೆ ಹಾಸುತ್ತಿದ್ದರು. ದಾಟಿದ ಸೀರೆಯನ್ನು ಅವರ ಹೆಂಡತಿ ಹಿಂದಿನಿಂದ ಎತ್ತಿ ಮತ್ತೆ ಮುಂದಕ್ಕೆ ತಂದುಕೊಡುತ್ತಿದ್ದರು. ಅದಕ್ಕೆ ನಡೆಮಡಿ ಎನ್ನುತ್ತೇವೆ. ಆ ಬಟ್ಟೆ ಎತ್ತಲೋ ದೇವರು ಅತ್ತ. ದಲಿತರ ಬೀದಿಯ ತಿರುವಿಗೆ ಬಂದಾಗ ಮಾತ್ರ ಅದು ತಪ್ಪದೆ ಎಡಕ್ಕೆ ಹೊರಳುತ್ತಿತ್ತು. ಬಲಗಡೆ ಆ ಬೀದಿಯ ಹೆಂಗಸರು ಆರತಿ ತಟ್ಟೆ ಹಿಡಿದು, ದೂರದಿಂದಲೇ ಕೈ ಮುಗಿದು ಒಳಗೆ ಹೋಗುತ್ತಿದ್ದರು.

ನಾನು ಮೊದಲ ಸಲ ಪಲ್ಲಕ್ಕಿಗೆ ಹೆಗಲು ಕೊಟ್ಟ ವರ್ಷ, ಆ ತಿರುವಿನಲ್ಲಿ ಮಡಿವಾಳಣ್ಣ ಬಟ್ಟೆಯನ್ನು ಬಲಕ್ಕೆ ಹಾಸಿಬಿಟ್ಟರು.

ಊರ ಯಜಮಾನರಾಗಿದ್ದ ನಮ್ಮ ದೊಡ್ಡಪ್ಪ ಕೂಗಿದರು. ‘ಲೇ, ದಾರಿ ತಪ್ತಲ್ಲೋ! ಈ ಕಡೆ ಆಸ್ಲಾ!’

‘ತಪ್ಪಿಲ್ಲ ಬುದ್ಧಿ. ಅವ್ರೂ ಬೆಳಗ್ಗಿಂದ ಉಪಾಸ ಅವ್ರೆ.’

ಆಮೇಲೆ ಮಂಡಿಯೂರಿ ಸುಕ್ಕು ಸವರಿ, ಮುಂದಿನ ಹೆಗಲಲ್ಲಿದ್ದ ನನ್ನ ಮುಖ ನೋಡಿ ಮೆಲ್ಲಗೆ ಅಂದರು, ‘ಬನ್ನಿ ಬುದ್ಧಿ, ಒಂದೆಜ್ಜೆ.’

ನಾನು ಕಾಲಿಟ್ಟಿದ್ದರೆ ಹಿಂದಿನವರು ಬರಲೇಬೇಕಿತ್ತು. ಆರತಿ ತಟ್ಟೆಗಳೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದವು... ನಾನು ದೊಡ್ಡಪ್ಪನ ಮುಖ ನೋಡಿದೆ.

‘ಬಟ್ಟೆ ಬ್ಯಾಡ. ನೆಲದ ಮ್ಯಾಲೇ ನಡೀರ್ಲಾ’ ಅಂದರು ಅವರು. ಎರಡು ಹೊತ್ತು ವಿಭೂತಿ ಬಳಿದು ಪೂಜೆಗೆ ಕೂರುವ ಮನುಷ್ಯ! ತಲತಲಾಂತರದ ಮಡಿ ಒಂದು ಮಾತಿಗೆ ಮುಗಿದುಹೋಯಿತು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅನ್ನುತ್ತಾರಲ್ಲ, ಅದು ನಾವೇ. ನಾವು ನಾಲ್ವರೂ ಕಲ್ಲುಮಣ್ಣು ತುಳಿದುಕೊಂಡು ಎಡಕ್ಕೆ ಹೋದೆವು. ನಮ್ಮ ಹಿಂದೆ, ಯಾರೂ ತುಳಿಯದ ಆ ಸೀರೆಯನ್ನು ಗಂಡ ಹೆಂಡತಿ ಮಡಿಸುತ್ತಿದ್ದರು.

ಮಾರನೆಯ ದಿನದಿಂದ ಯಾವ ಮನೆಯವರೂ ಅವರಿಗೆ ಬಟ್ಟೆ ಹಾಕಲಿಲ್ಲ. ತಿಂಗಳೊಳಗೆ ಇಬ್ಬರೂ ಗಂಟುಮೂಟೆ ಕಟ್ಟಿ ತಿ. ನರಸೀಪುರ ಸೇರಿದರು. ಬಹಳ ವರ್ಷದ ಮೇಲೆ ನನಗೆ ಅಲ್ಲಿಗೇ ವರ್ಗವಾಯಿತು. ಆಫೀಸಿನ ಹತ್ತಿರದ ಮರದಡಿ ಮಡಿವಾಳಣ್ಣ ಇಸ್ತ್ರಿ ಹಾಕುತ್ತಿದ್ದರು. ತಪ್ಪಾಯಿತು ಅನ್ನಬೇಕೆಂದೇ ಹೋಗಿದ್ದೆ. ಅವರು ನನ್ನ ಚಪ್ಪಲಿ ಕಾಲು ನೋಡಿ ಕೇಳಿದರು, ‘ಅವತ್ತು ಕಲ್ಲು ಚುಚ್ತಾ ಬುದ್ಧಿ? ನಿಮ್ಗೆ ಬರಿಗಾಲು ಅಭ್ಯಾಸ ಇರ್ನಿಲ್ಲ.’

ಅಯ್ಯೋ, ಬೈದಿದ್ದರೂ ಚೆನ್ನಾಗಿತ್ತು. ‘ಇಲ್ಲ’ ಎಂದಷ್ಟೇ ಹೇಳಿ ಬಂದುಬಿಟ್ಟೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ನನಗೆ ತಿಳಿದದ್ದೇ ತಡವಾಗಿ, ಮಣ್ಣಿಗೂ ಹೋಗಲಾಗಲಿಲ್ಲ. ಊರಲ್ಲಿ ಈಗ ನಡೆಮಡಿಗೆ ಅಂಗಡಿಯಿಂದ ತಂದ ಕೆಂಪು ಜಮಖಾನ. ದೊಡ್ಡಪ್ಪನ ಜಾಗದಲ್ಲಿ, ನಿವೃತ್ತನಾಗಿ ಬಂದ ನಾನೇ ಯಜಮಾನ. ತಿರುವಿಗೆ ಬಂದಾಗ ಹಾಸುವವರು ಒಂದು ಗಳಿಗೆ ನಿಂತು ನನ್ನ ಮುಖ ನೋಡುತ್ತಾರೆ. ಬಲಗಡೆ ಇವತ್ತಿಗೂ ಆರತಿ ತಟ್ಟೆ ಹಿಡಿದು ಜನ ನಿಂತಿರುತ್ತಾರೆ.

ಹೋದ ವರ್ಷವೂ ನಾನು ಎಡಕ್ಕೇ ಕೈ ತೋರಿಸಿದೆ.