ಸಫೋಕಿನ ಕಾಡಿನಲ್ಲಿ ಹೇಳಿ ಬಂದದ್ದು

ಮುಳಬಾಗಿಲಿನಿಂದ ಬೆಳಗಿನ ಆರೂವರೆಯ ಬಸ್ಸು ಹತ್ತಿದಾಗ ನನ್ನ ಹತ್ತಿರ ಒಂದು ಸೂಟ್‌ಕೇಸು, ಹೆಗಲಿಗೊಂದು ಏರ್‌ಬ್ಯಾಗು ಇದ್ದವು. ಬ್ಯಾಗಿನೊಳಗೆ ನನ್ನ ಹೆಂಡತಿ ಸಾವಿತ್ರಿ ಕಟ್ಟಿಕೊಟ್ಟಿದ್ದ ಒಗ್ಗರಣೆ ಅವಲಕ್ಕಿ ಮತ್ತು ಒಂದು ಡಬ್ಬಿ ಚಟ್ನಿಪುಡಿ. ತೊಂಬತ್ತರ ದಶಕದ ಕೊನೆಯ ಭಾಗ, ಏಪ್ರಿಲ್ ತಿಂಗಳು. ಅಷ್ಟು ಹೊತ್ತಿಗಾಗಲೇ ಬಸ್ಸಿನ ಕಿಟಕಿಯ ಕಂಬಿ ಬೆಚ್ಚಗಾಗಿತ್ತು. ಬೆಂಗಳೂರಿಗೆ ತೊಂಬತ್ತೈದು ಕಿಲೋಮೀಟರು, ಚಾರ್ಜು ಮೂವತ್ತು ರೂಪಾಯಿ ಚಿಲ್ಲರೆ. ಅಲ್ಲಿಂದ ಮುಂದಿನ ಖರ್ಚೆಲ್ಲ ಬೇರೆಯವರದು.

ನಾನು ಆಗ ಮುಳಬಾಗಿಲಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಜಿಲ್ಲೆಯ ಒಂದು ಸೇವಾಸಂಸ್ಥೆಯವರು ಐದು ಜನರನ್ನು ಮೂರು ವಾರದ ಮಟ್ಟಿಗೆ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಅಲ್ಲಿನ ಹಳ್ಳಿಗಳಲ್ಲಿ ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇಟ್ಟುಕೊಳ್ಳುವ ಏರ್ಪಾಡು. ಗಿಡಮರದ ಪಾಠ ಮಾಡುವವನೆಂದು ನನ್ನ ಹೆಸರು ಸೇರಿತ್ತು. ರಜೆಯ ಕಾಲವಾದ್ದರಿಂದ ಹೆಡ್‌ಮಾಸ್ಟರೂ ಅಡ್ಡಿ ಹೇಳಲಿಲ್ಲ.

ಮುಂಬಯಿಯಲ್ಲಿ ವಿಮಾನ ಬದಲಾಯಿಸಿ ಲಂಡನ್ ಮುಟ್ಟುವ ಹೊತ್ತಿಗೆ ಅವಲಕ್ಕಿ ಅರ್ಧ ಮುಗಿದಿತ್ತು. ಹೊರಗೆ ಎಂಟು ಡಿಗ್ರಿ. ಸಣ್ಣಗೆ ಮಳೆ. ನಾವು ಐವರೂ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದನ್ನು ನೋಡಿ ಟ್ಯಾಕ್ಸಿಯವನು ಇಂದು ಬಿಸಿಲು ಬರುತ್ತದೆ ಎಂದು ಸಮಾಧಾನ ಹೇಳಿದ. ಬರಲಿಲ್ಲ. ಲಂಡನ್ನಿನಲ್ಲಿ ಎರಡು ದಿನ ಎಲ್ಲರೂ ನೋಡುವುದನ್ನೇ ನೋಡಿದೆವು, ಅದನ್ನು ಬರೆಯುವುದು ಬೇಡ. ಮೂರನೆಯ ದಿನ ಬೆಳಿಗ್ಗೆ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ನಾನೊಬ್ಬನೇ ಸಫೋಕ್ ಕಡೆಗೆ ರೈಲು ಹತ್ತಿದೆ. ಒಂದೂಕಾಲು ಗಂಟೆಯ ದಾರಿ. ಎರಡೂ ಕಡೆ ಚಪ್ಪಟೆ ನೆಲ, ಹಸಿರು ಗೋಧಿ. ಕಣ್ಣು ಹಾಯಿಸಿದಷ್ಟು ದೂರವೂ ಒಂದು ಬಂಡೆ ಇಲ್ಲದ ನೆಲವನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಿಲ್ದಾಣದಲ್ಲಿ 'ಮಿಸ್ಟರ್ ರಾವ್' ಎಂದು ಬರೆದ ರಟ್ಟು ಹಿಡಿದು ನಿಂತಿದ್ದವರು ಆರ್ಥರ್. ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಕೆಂಪು ಮುಖ, ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು. ನನ್ನದು ಅವರಿಗೆ ಪೂರ್ತಿ ತಿಳಿಯುತ್ತಿತ್ತಂತೆ, ಪುಸ್ತಕ ಓದಿದ ಹಾಗಿದೆ ಎಂದರು. ಅವರ ಹೆಂಡತಿ ಜೋನ್ ಮನೆಯಲ್ಲಿ ನನಗಾಗಿ ಬೇಯಿಸಿದ ಆಲೂಗೆಡ್ಡೆ, ಬಟಾಣಿ, ಚೀಸು ಸಿದ್ಧಮಾಡಿ ಕಾದಿದ್ದರು. ಉಪ್ಪು ಬಿಟ್ಟರೆ ಬೇರೆ ರುಚಿ ಇರಲಿಲ್ಲ. ನಾನು ಸಂಕೋಚದಿಂದಲೇ ಚಟ್ನಿಪುಡಿ ಡಬ್ಬಿ ತೆಗೆದೆ. ಆರ್ಥರ್ ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದು, ಮೂಗು ಒರೆಸಿಕೊಂಡು, ಇನ್ನೊಂದು ತುಂಡಿಗೆ ಕೈಹಾಕಿದರು.

ಆ ಹಳ್ಳಿಯಲ್ಲಿ ಅರವತ್ತು ಮನೆಗಳಿದ್ದಾವು. ಕೆಲವಕ್ಕೆ ಹುಲ್ಲಿನ ಸೂರು. ಪಾಪ, ಬಡವರ ಮನೆಗಳಿರಬೇಕೆಂದುಕೊಂಡೆ. ಊರಿನಲ್ಲಿ ಅತಿ ದುಬಾರಿ ಮನೆಗಳೇ ಅವಂತೆ. ಮಾರನೆಯ ದಿನ ಆರ್ಥರ್ ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದರು. ಸಣ್ಣ ಕರಿಕಲ್ಲುಗಳನ್ನು ಗಾರೆಯಲ್ಲಿ ಕೂಡಿಸಿ ಕಟ್ಟಿದ ಗೋಡೆ, ಏಳುನೂರು ವರ್ಷ ಹಳೆಯದು ಎಂದರು. ಒಳಗೆ ಗಾಜಿನ ಚೌಕಟ್ಟಿನಲ್ಲಿ ಒಂದು ಹಳೆಯ ಪತ್ರದ ನಕಲು ಇತ್ತು. ಊರ ಹೊರಗಿನ ಕಾಡಿನ ಗಡಿ ಎಲ್ಲಿಂದ ಎಲ್ಲಿಗೆ, ವರ್ಷಕ್ಕೆ ಯಾರು ಎಷ್ಟು ಹೊರೆ ಕೋಲು ಕಡಿದುಕೊಳ್ಳಬಹುದು ಎಂಬುದೆಲ್ಲ ಅದರಲ್ಲಿ ಬರೆದಿದೆಯಂತೆ. ಆಗಿನ ಗಡಿಯೇ ಇಂದಿನ ಗಡಿ ಎಂದು ಅವರು ಹೇಳಿದಾಗ ನನಗೆ ಸ್ವಲ್ಪ ಜಂಬ ಬಂತು. ನಮ್ಮೂರ ಹತ್ತಿರದ ಆವನಿಯ ಗುಡಿಗಳು ಇದಕ್ಕಿಂತ ಮುನ್ನೂರು ವರ್ಷವಾದರೂ ಹಳೆಯವು ಎಂದೆ. ಆರ್ಥರ್ ಆಸಕ್ತಿಯಿಂದ ತಿರುಗಿ, ಗುಡಿಗಳ ಸುತ್ತ ಇರುವ ಮರಗಳೂ ಅಷ್ಟು ಹಳೆಯವೇ ಎಂದು ಕೇಳಿದರು. ನಾನು ಆ ಗುಡಿಗಳಿಗೆ ಹತ್ತಾರು ಸಲ ಮಕ್ಕಳನ್ನು ಕರೆದುಕೊಂಡು ಹೋದವನು. ಮರಗಳನ್ನು ನೋಡಿದ ನೆನಪು ಬರಲಿಲ್ಲ.

ಮಧ್ಯಾಹ್ನ ಕಾಡಿಗೆ ನಡೆದೆವು. ಮನೆಯಿಂದ ಒಂದೂವರೆ ಮೈಲಿ. ಕಾಡಿನ ಅಂಚಿಗೆ ಮೊಣಕಾಲುದ್ದದ ಮಣ್ಣಿನ ದಿಬ್ಬ, ಹೊರಗಡೆಗೆ ಒಂದು ಚರಂಡಿ. ಚರ್ಚಿನ ಪತ್ರದಲ್ಲಿದ್ದ ಗಡಿ ಅದೇ. ಒಳಗೆ ಓಕ್ ಮರಗಳು ದೂರ ದೂರ, ಅವುಗಳ ಕೆಳಗೆ ಹೇಝಲ್ ಎಂಬ ಗಿಡದ ಗುಂಪುಗಳು. ಒಂದೇ ಬುಡದಿಂದ ಹತ್ತು ಹದಿನೈದು ಕೋಲುಗಳು ಎದ್ದಿದ್ದವು. ನಮ್ಮ ಕೋಲಾರದ ಹುತ್ತೂರು ಕಡೆ ಹಿಪ್ಪುನೇರಳೆಯನ್ನು ಬುಡಕ್ಕೆ ಸವರುವ ಹಾಗೆ ಇವರೂ ಹತ್ತು ವರ್ಷಕ್ಕೊಮ್ಮೆ ಸವರುತ್ತಾರೆ, ಅದು ಮತ್ತೆ ಚಿಗುರುತ್ತದೆ. ಕೆಲವು ಬುಡಗಳು ಚರ್ಚಿನಷ್ಟೇ ಹಳೆಯವು ಎಂದರು. ನೆಲದ ಮೇಲೆ ಕಣ್ಣಿಗೆ ಎಟಕುವಷ್ಟು ದೂರ ನೀಲಿ ಹೂವು, ಬ್ಲೂಬೆಲ್ ಎನ್ನುತ್ತಾರೆ. ಹುಚ್ಚೆಳ್ಳಿನ ಹೊಲ ಹೂಬಿಟ್ಟಾಗ ನೆಲ ಕಾಣದಂತಾಗುತ್ತದಲ್ಲ, ಹಾಗೆ, ಆದರೆ ಹಳದಿಯ ಬದಲು ನೀಲಿ.

ಕಾಡಿನ ಇನ್ನೊಂದು ಮಗ್ಗುಲಿಗೆ ಹೋದಾಗ ಎಲ್ಲ ಬದಲಾಯಿತು. ಸಾಲು ಹಿಡಿದು ನೆಟ್ಟ ಪೈನ್ ಮರಗಳು, ಕೆಳಗೆ ಕತ್ತಲೆ, ಒಣಗಿದ ಸೂಜಿ ಎಲೆಗಳು ಬಿಟ್ಟರೆ ಒಂದು ಹುಲ್ಲೂ ಇಲ್ಲ. ಆರ್ಥರ್ ಅಲ್ಲೇ ಒಂದು ದಿಮ್ಮಿಯ ಮೇಲೆ ಕುಳಿತು, ಇದು ನಾನು ಮಾಡಿದ್ದು ಎಂದರು.

ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ, ಅವರಿಗೆ ಇಪ್ಪತ್ತೈದು ವಯಸ್ಸಿರುವಾಗ, ಆಗಿನ ಜಮೀನುದಾರನ ಹತ್ತಿರ ಕೂಲಿಗೆ ಸೇರಿದ್ದರಂತೆ. ಬೇಗ ಬೆಳೆಯುವ ಮರ ಬೇಕೆಂದು ಓಕ್‌ಗಳ ತೊಗಟೆಯನ್ನು ಸುತ್ತಲೂ ಸೀಳಿ, ಗಾಯಕ್ಕೆ ವಿಷ ಬಳಿದು, ನಿಂತಲ್ಲೇ ಸಾಯಿಸಿ, ನಡುವೆ ಪೈನ್ ನೆಟ್ಟರು. ಎರಡು ಚಳಿಗಾಲ ಅದೇ ಕೆಲಸ. ಆ ಕೆಲಸದಲ್ಲಿ ತಾನು ಬಹಳ ಚುರುಕು ಎಂದು ಹೆಸರಾಗಿತ್ತು ಎಂದರು. ಮುಂದೆ ಕಾಡು ಮಾರಾಟಕ್ಕೆ ಬಂದಾಗ ಊರವರೆಲ್ಲ ಹಣ ಕೂಡಿಸಿ ಅದನ್ನು ಕೊಂಡುಕೊಂಡರು. ಈಗ ವಾರಕ್ಕೆರಡು ದಿನ ಅವರು ಬಂದು ಪೈನ್ ಕಡಿಯುತ್ತಾರೆ. ಕಡಿದ ಕಡೆ ನಾಲ್ಕೈದು ವರ್ಷಕ್ಕೆ ನೀಲಿ ಹೂವು ತಾನಾಗಿ ಬರುತ್ತಿದೆ, ಓಕ್ ಮಾತ್ರ ಬರುವುದಿಲ್ಲ ಎಂದು ಹೇಳಿ ತಮ್ಮ ಕೈ ನೋಡಿಕೊಂಡರು. ಆಮೇಲೆ ನಿಮ್ಮ ಊರಿನಲ್ಲಿ ಇಂಥ ಕಾಡು ಇದೆಯೇ ಎಂದು ಕೇಳಿದರು.

ಇದೆ ಎಂದೆ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಹುತ್ತೂರು ಹೋಬಳಿಯ ಒಂದು ಹಳ್ಳಿಯಲ್ಲಿ. ಆ ಊರಿನ ಗುಂಡುತೋಪನ್ನು ಆರ್ಥರ್ ಅವರಿಗೆ ವರ್ಣಿಸಿದೆ. ಊರವರೆಲ್ಲರಿಗೂ ಸೇರಿದ ತೋಪು, ಎಂಟು ಎಕರೆ, ಹೊಂಗೆ, ಹಿಪ್ಪೆ, ನೇರಳೆ, ನಡುವೆ ದೊಡ್ಡದೊಂದು ಹುಣಸೆ. ಬೇಸಿಗೆಯಲ್ಲಿ ದನಗಳೂ ಜನಗಳೂ ಅಲ್ಲೇ ಇರುತ್ತಾರೆ, ಪಕ್ಕದ ಕುಂಟೆಯಲ್ಲಿ ನೀರು ಬತ್ತುವುದಿಲ್ಲ, ತೋಪಿನ ಮರಗಳನ್ನು ಯಾರೂ ಮುಟ್ಟುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಹೊಂಗೆಯ ನೆರಳು ಮೈಗೆ ತಾಗಿದಂತಾಯಿತು. ಆರ್ಥರ್ ಕಣ್ಣು ಮುಚ್ಚಿಕೊಂಡು ಕೇಳಿದರು. ಎಲ್ಲಾದರೂ ಒಂದು ಕಡೆ ಬುದ್ಧಿವಂತರು ಇದ್ದಾರಲ್ಲ ಎಂದರು.

ಆ ತೋಪು ಹದಿನಾರು ವರ್ಷಗಳ ಹಿಂದೆಯೇ ಹೋಗಿತ್ತು. ಅದನ್ನು ಕಡಿದು ನೀಲಗಿರಿ ಹಾಕುವ ಮಾತು ಬಂದಾಗ ಊರವರು ಅರಳಿಕಟ್ಟೆಯ ಹತ್ತಿರ ಸೇರಿ, ಓದಿದವರು ನೀವು ಹೇಳಿ ಎಂದು ನನ್ನನ್ನು ಕರೆಸಿದ್ದರು. ಏಳು ವರ್ಷಕ್ಕೆ ಕಟಾವು, ಬಂದ ಹಣದಲ್ಲಿ ಶಾಲೆಗೆ ಹೊಸ ಸೂರು ಎಂದು ನಾನು ಲೆಕ್ಚರು ಕೊಟ್ಟೆ. ನಂಜಮ್ಮ ಎಂಬ ಹೆಂಗಸು ಎದ್ದು ನಿಂತಳು. ತೋಪಿನಲ್ಲಿ ಹೊಂಗೆಬೀಜ, ಹುಣಸೆಹಣ್ಣು ಆಯ್ದು ಮಾರುತ್ತಿದ್ದವಳು. "ಮೇಷ್ಟ್ರೇ, ನೀವು ನಾಳೆ ವರ್ಗ ಆಗಿ ಹೋಗ್ತೀರ, ನಾವು ಇಲ್ಲೇ ಇರಬೇಕಲ್ಲ" ಅಂದಳು. ಅದಕ್ಕೆ ಉತ್ತರ ಕೊಡುವ ಬದಲು ನಾನು, ನಂಜಮ್ಮನ ಸಾರಿಗೆ ಹುಣಸೆಹಣ್ಣು ಬೇಕಾದರೆ ನಾನೇ ಕೋಲಾರದ ಅಂಗಡಿಯಿಂದ ತಂದುಕೊಡುತ್ತೇನೆ ಅಂದೆ. ಎಲ್ಲರೂ ನಕ್ಕರು. ಅಲ್ಲಿಗೆ ಮಾತು ಮುಗಿಯಿತು. ಸಸಿ ನೆಡಲು ನನ್ನ ಶಾಲೆಯ ಮಕ್ಕಳನ್ನೇ ಕರೆದುಕೊಂಡು ಹೋದೆ. ಶಾಲೆಗೆ ಸೂರು ಬಂದದ್ದೂ ನಿಜ, ಸಿಮೆಂಟು ಶೀಟಿನದು. ಎರಡನೆಯ ಕಟಾವಿನ ಹೊತ್ತಿಗೆ ಕುಂಟೆ ಒಣಗಿತ್ತು. ಅಷ್ಟರಲ್ಲಿ ನನಗೆ ವರ್ಗವೂ ಆಗಿತ್ತು.

ಇದನ್ನೆಲ್ಲ ಆ ದಿಮ್ಮಿಯ ಮೇಲೆ ಕುಳಿತ ಮನುಷ್ಯನಿಗೆ ಹೇಳಬಹುದಾಗಿತ್ತು. ಕೇಳಿ ಅರ್ಥ ಮಾಡಿಕೊಳ್ಳಬಲ್ಲವನು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಆತನೇ. ತನ್ನ ತಪ್ಪನ್ನು ಬಿಚ್ಚಿ ನನ್ನ ಮುಂದೆ ಇಟ್ಟವನಿಗೆ ನಾನು ಸುಳ್ಳು ಕೊಟ್ಟೆ. ಯಾಕೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪರದೇಶದಲ್ಲಿ ನಮ್ಮೂರಿನ ಮಾನ ಕಾಪಾಡಿದೆ ಎಂದು ಆ ಸಂಜೆ ಅಂದುಕೊಂಡೆ.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಊಟಕ್ಕೆ ಕುಳಿತಾಗ ಆರ್ಥರ್ ತೋಪಿನ ವಿಷಯವನ್ನೆಲ್ಲ ಜೋನ್‌ಗೆ ಹೇಳಿದರು, ನನಗಿಂತ ಚೆನ್ನಾಗಿ. ಮಾರನೆಯ ಸಂಜೆ ಕಾಡಿನ ಸಮಿತಿಯವರ ಸಭೆ ಇತ್ತು, ಅಲ್ಲಿ ನಾನು ನಾಲ್ಕು ಮಾತು ಹೇಳಬೇಕೆಂದು ಗೊತ್ತುಮಾಡಿಬಿಟ್ಟರು. ಏಳು ಗಂಟೆಗೂ ಹೊರಗೆ ಬಿಸಿಲಿತ್ತು. ಊರ ಸಭಾಂಗಣದಲ್ಲಿ ಮೂವತ್ತು ಜನ, ಟೀ, ಒಣ ಕೇಕು. ನಿಜ ಹೇಳಿಬಿಡಬೇಕು ಎಂದು ತೀರ್ಮಾನಿಸಿಯೇ ಎದ್ದು ನಿಂತೆ. ಮುಂದಿನ ಸಾಲಿನಲ್ಲಿ ಆರ್ಥರ್ ತಲೆ ಬಾಚಿ, ಟೈ ಕಟ್ಟಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು. ನಾನು ಬಾಯಿ ತೆರೆದೆ, ತೋಪು ಮತ್ತೆ ಎದ್ದು ನಿಂತಿತು, ಈ ಸಲ ಹನ್ನೆರಡು ಎಕರೆ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ನನಗೆ ಅರಳಿಕಟ್ಟೆಯ ನಗು ಕೇಳಿಸಿತು.

ಆ ಹಳ್ಳಿಗೆ ಬಂದ ಐದನೆಯ ದಿನ ಬೆಳಿಗ್ಗೆ ಆರ್ಥರ್ ನನ್ನನ್ನು ರೈಲಿಗೆ ಬಿಟ್ಟರು. ಚೀಸ್ ಸ್ಯಾಂಡ್‌ವಿಚ್‌ಗಳನ್ನು ಜೋನ್ ಕಾಗದದಲ್ಲಿ ಸುತ್ತಿಕೊಟ್ಟಿದ್ದರು. ಚಟ್ನಿಪುಡಿಯ ಡಬ್ಬಿಯನ್ನು ನಾನು ಅವರ ಅಡುಗೆಮನೆಯಲ್ಲೇ ಬಿಟ್ಟೆ. ರೈಲು ಬರುವವರೆಗೆ ಏನೇನೋ ಮಾತಾಡಿ, ಕೊನೆಗೆ ಆರ್ಥರ್ ಒಂದು ಕೆಲಸ ಹೇಳಿದರು. ಆ ದೊಡ್ಡ ಹುಣಸೆಮರದ ಬುಡ, ನೆಲದಿಂದ ಎದೆಮಟ್ಟದಲ್ಲಿ, ಸುತ್ತಳತೆ ಎಷ್ಟು ಎಂದು ಅಳೆದು ಬರೆಯಬೇಕು. ಬರೆಯುತ್ತೇನೆ ಎಂದೆ. ಕಿಟಕಿಯಿಂದ ನೋಡಿದಾಗ ಅವರು ಕೈ ಬೀಸಲಿಲ್ಲ, ಟೋಪಿ ತೆಗೆದು ಹಿಡಿದುಕೊಂಡು ನಿಂತಿದ್ದರು.

ಉಳಿದ ಎರಡು ವಾರ ಬೇರೆ ಬೇರೆ ಊರುಗಳಲ್ಲಿ ಕಳೆಯಿತು. ಮೇ ಮಧ್ಯದಲ್ಲಿ ಮುಳಬಾಗಿಲಿಗೆ ಬಂದಿಳಿದಾಗ ಮೊದಲ ಮಳೆ ಆಗಿತ್ತು. ಸಂಸ್ಥೆಯವರು ಹಾರ ಹಾಕಿದರು, ಎರಡು ಕಡೆ ಭಾಷಣ ಮಾಡಿಸಿದರು. ಜುಲೈ ಕೊನೆಯಲ್ಲಿ ನೀಲಿ ಏರ್‌ಮೇಲ್ ಕಾಗದ ಬಂತು. ಎಲ್ಲ ಕ್ಷೇಮ ಎಂದು ಬರೆದು, ಹುಣಸೆಮರದ ಅಳತೆ ಇನ್ನೂ ಬರಲಿಲ್ಲವೆಂದು ಕೆಳಗೆ ಸಣ್ಣಗೆ ಸೇರಿಸಿದ್ದರು.

ಭಾನುವಾರ ಕೋಲಾರಕ್ಕೆ ಹೋಗಿ, ಅಲ್ಲಿಂದ ಹುತ್ತೂರು ಕಡೆಯ ಬಸ್ಸು ಹಿಡಿದು, ಎರಡು ಕಿಲೋಮೀಟರು ನಡೆದು ಆ ಊರು ಸೇರಿದೆ. ತೋಪಿದ್ದ ಜಾಗದಲ್ಲಿ ನೀಲಗಿರಿ ಎರಡನೆಯ ಕಟಾವಿನ ಮೇಲೆ ಮತ್ತೆ ಚಿಗುರಿ ನಿಂತಿತ್ತು. ಸಾಲುಗಳ ನಡುವೆ ಯಾರೋ ಒಣಗಿದ ಎಲೆ ಗುಡಿಸಿ ಮೂಟೆ ಕಟ್ಟುತ್ತಿದ್ದರು. ಹತ್ತಿರ ಹೋದರೆ ನಂಜಮ್ಮ. ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿದು, "ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ" ಅಂದಳು.

ಅಲ್ಲೇ ಕುಳಿತು ಎಲ್ಲ ಹೇಳಿದೆ. ಇಂಗ್ಲೆಂಡು, ಆರ್ಥರ್, ಅವರು ಕೊಂದ ಮರಗಳು, ನನ್ನ ಸುಳ್ಳು. ಆ ದಿನ ಅವಳ ಮಾತಿಗೆ ಜನರನ್ನು ನಗಿಸಿದ್ದು ತಪ್ಪಾಯಿತು ಎಂದೂ ಹೇಳಿದೆ. ನಂಜಮ್ಮ ಮೂಟೆಯ ಹಗ್ಗ ಬಿಗಿಯುತ್ತಲೇ ಕೇಳಿಸಿಕೊಂಡಳು.

"ಅವತ್ತು ನಾನೂ ನಕ್ಕೆ ಮೇಷ್ಟ್ರೇ," ಅಂದಳು. "ಎಲ್ರೂ ನಗ್ತಾ ಇದ್ರಲ್ಲ, ಅದಕ್ಕೆ."

ಹಗ್ಗಕ್ಕೆ ಗಂಟು ಹಾಕಿ, ಅವಳೇ ಕೈ ಚಾಚಿ ಒಂದು ಜಾಗ ತೋರಿಸಿದಳು.

"ಹುಣಸೆಮರ ಅಲ್ಲಿತ್ತು. ನಾವು ಸಣ್ಣೋರಿದ್ದಾಗ ನಾಲಕ್ ಜನ ಕೈ ಕೈ ಹಿಡ್ಕೊಂಡು ತಬ್ಬುದ್ರೂ ಎಟಕ್ತಿರ್ಲಿಲ್ಲ. ಐದನೇವಳು ಬೇಕಾಗ್ತಿತ್ತು. ಆಯಪ್ಪನಿಗೆ ಹಂಗೇ ಬರೀರಿ."

"ಮರ ಇದೆ ಅಂತ ಹೇಳಿಬಿಟ್ಟಿದೀನಲ್ಲ ನಂಜಮ್ಮ."

"ಇದೆ ಅಂತ ಯಾಕಂತೀರ? ಇತ್ತು ಅನ್ನಿ. ಇತ್ತಲ್ಲ."

ಮೂಟೆಯನ್ನು ಅವಳ ತಲೆಗೆ ಎತ್ತಿಕೊಟ್ಟೆ. ಅವಳು ಊರ ಕಡೆಗೆ, ನಾನು ಬಸ್ಸಿನ ಕಡೆಗೆ ನಡೆದೆವು. ಮಾರನೆಯ ದಿನ ಶಾಲೆಯಲ್ಲಿ ಬಿಡುವಿನ ಪೀರಿಯಡ್ಡಿನಲ್ಲಿ ಕುಳಿತು ಆರ್ಥರ್ ಅವರಿಗೆ ಬರೆದೆ. ತೋಪಿನ ಕಥೆ, ಅರಳಿಕಟ್ಟೆಯ ಸಭೆ, ನಂಜಮ್ಮನ ಮಾತು, ಐದು ಹುಡುಗಿಯರ ತೋಳಿನ ಅಳತೆ. ಒಂದನ್ನೂ ಬಿಡಲಿಲ್ಲ. ಅಂಚೆ ಕಚೇರಿಗೆ ನಾನೇ ಹೋಗಿ ಹಾಕಿದೆ.

ಉತ್ತರ ಬರಲಿಲ್ಲ. ಡಿಸೆಂಬರಿನಲ್ಲಿ ಜೋನ್ ಅವರ ಕೈಬರಹದಲ್ಲಿ ಹಬ್ಬದ ಕಾರ್ಡು ಬಂತು, ಕೆಳಗೆ ಇಬ್ಬರ ಹೆಸರೂ ಇತ್ತು. ಮರದ ಮಾತಿರಲಿಲ್ಲ. ಮುಂದಿನ ವರ್ಷ ಕಾರ್ಡೂ ಬರಲಿಲ್ಲ. ನನ್ನ ಕಾಗದ ಅವರ ಕೈಸೇರಿತೋ, ದಾರಿಯಲ್ಲೇ ಕಳೆದುಹೋಯಿತೋ ನಾನರಿಯೆ. ತಲುಪಿರಲಿ ಎಂದು ಒಂದೊಂದು ದಿನ ಅನ್ನಿಸುತ್ತದೆ. ಆರ್ಥರ್ ಟೋಪಿ ಹಿಡಿದು ನಿಂತದ್ದು ಕಣ್ಣಿಗೆ ಬಂದ ದಿನ ಮಾತ್ರ, ತಲುಪದಿದ್ದರೇ ಒಳ್ಳೆಯದಿತ್ತು ಎನ್ನಿಸುತ್ತದೆ.