ಚಂದ್ರಭಾಗಾ ಹೊದಿಸಿದ ಸಾಲಿ

ಸಾಯಗಾಂವದ ಚಂದ್ರಭಾಗಾ ಈಚಲ ಗರಿಯ ಸೂರು ಹೊದಿಸುವುದರಲ್ಲಿ ಎತ್ತಿದ ಕೈ. ಮಾಂಜರಾ ನದಿಯ ಪಕ್ಕದ ಜವುಳು ನೆಲದಲ್ಲಿ, ಮೊಣಕಾಲು ಹೂಳುವ ಕೆಸರಿನಲ್ಲಿ, ಈಚಲ ಗಿಡಗಳು ಒತ್ತಾಗಿ ಬೆಳೆದಿದ್ದವು. ಕುಡುಗೋಲು ಹಚ್ಚುವ ಮೊದಲು ಅವಳು ಗಿಡಕ್ಕೆ ಕೈಮುಗಿಯುತ್ತಿದ್ದಳು. ಸುತ್ತಲಿನ ಗರಿ ಕೊಯ್ದರೂ ನಡುವಿನ ಸುಳಿ ಮುಟ್ಟುತ್ತಿರಲಿಲ್ಲ. “ಅದು ದೇವರ ಪಾಲು,” ಎನ್ನುತ್ತಿದ್ದಳು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಊರಿಗೆ ಕನ್ನಡ ಸಾಲಿ ಬರುವ ಮಾತಾಯಿತು. ಅಲ್ಲಿಯವರೆಗೆ ಓದಬೇಕೆಂದರೆ ಭಾಲ್ಕಿಗೆ ನಡೆಯಬೇಕು, ಅದೂ ಉರ್ದುವಿನಲ್ಲಿ. ಕಲ್ಲಿನ ಗೋಡೆ ಎದ್ದಿತು. ಮೇಲಿನ ತಗಡು ಬರಲಿಲ್ಲ. ಸೋಮವಾರ ಬೀದರದಿಂದ ಶಿಕ್ಷಣ ಇಲಾಖೆಯ ಸಾಹೇಬರು ನೋಡಲು ಬರುವವರಿದ್ದರು. ಸೂರಿಲ್ಲದಿದ್ದರೆ ಸಾಲಿ ಬೇರೆ ಊರಿನ ಪಾಲು. ಚಂದ್ರಭಾಗಾಳ ಮೊಮ್ಮಗಳು ಕೌಸಲ್ಯಾ ಆಗಲೇ ಪಾಟಿ ಅವಚಿಕೊಂಡು ಓಣಿಯೆಲ್ಲ ತಿರುಗುತ್ತಿದ್ದಳು.

ತಗಡಿನ ಬದಲು ಈಚಲ ಗರಿ ಹೊದಿಸಲು ಊರ ಹಿರಿಯ ಧೊಂಡಿಬಾ ಗಂಡಸರನ್ನಷ್ಟೇ ಕರೆದ. “ಸರಕಾರಿ ಸಾಲಿ. ಹೆಣ್ಣುಮಗಳು ಮ್ಯಾಲ ಹತ್ತಿ ಕೂತರ ಊರ ಮರ್ಯಾದಿ ಏನಾಗಬೇಕು?”

ಅವರಿಗೆ ಗೊತ್ತಿದ್ದದ್ದು ಮದುವೆಯ ಹಂದರ. ಇಳಿಜಾರಿನ ಜಂತಿಗಳ ಮೇಲೂ ಹಂದರಕ್ಕೆ ಹಾಸಿದಂತೆಯೇ ಗರಿಗಳನ್ನು ಅಡ್ಡಡ್ಡ ಹಾಸಿ ಬಿಗಿದರು. ಶನಿವಾರ ಸಂಜೆ ಹಿಂಗಾರಿ ಮಳೆ ಬಿತ್ತು. ಹೊರಗೆ ಎಷ್ಟೋ ಒಳಗೂ ಅಷ್ಟೇ.

ಚಂದ್ರಭಾಗಾ ಬಾಗಿಲಲ್ಲಿ ನಿಂತು ಕೇಳಿದಳು: “ಕಾಕಾ, ಒಳಗ ಯಾರದರ ಲಗ್ನ ಅದ ಏನ್ರಿ?”

ಧೊಂಡಿಬಾ ತಲೆಗೆ ಸುತ್ತಿದ್ದ ತೊಯ್ದ ಪಟಕಾ ಬಿಚ್ಚಿ ಹಿಂಡಿದ. “ಚ್ಯಾಷ್ಟಿ ಸಾಕವ್ವ. ಮುಂದ ಹ್ಯಾಂಗ, ಅದು ಹೇಳು.”

“ಎಲ್ಲಾ ಇಳಸ್ರಿ. ಏಣಿ ಮಾತ್ರ ನೀವೇ ಹಿಡಿಬೇಕು.”

ರವಿವಾರ ಬೆಳಕು ಹರಿಯುವಾಗ ಅವಳು ಕಚ್ಚೆ ಬಿಗಿದು ಮೇಲೇರಿದಳು. ಕೆಳ ಅಂಚಿನಿಂದ ಶುರುಮಾಡಿದಳು, ಗರಿಯ ತುದಿ ಕೆಳಗೆ, ಬುಡ ಮೇಲೆ. ಕೆಳಗಿನ ಸಾಲಿನ ಅರ್ಧ ಮುಚ್ಚುವಂತೆ ಮೇಲಿನ ಸಾಲು. ಗರಿಯ ಮುಳ್ಳು ಅಂಗೈ ಚುಚ್ಚಿತು, ಬಾಯಲ್ಲಿ ವಿಠ್ಠಲನ ಹೆಸರು ನಿಲ್ಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೂರಿನ ನೆತ್ತಿ ಮುಟ್ಟಿದಳು. ಧೊಂಡಿಬಾ ಊಟಕ್ಕೂ ಏಣಿ ಬಿಟ್ಟಿರಲಿಲ್ಲ.

ಸೋಮವಾರ ಸಾಹೇಬರು ಒಳಗೆ ಕಾಲಿಟ್ಟದ್ದೇ ತಡ, ಮತ್ತೆ ಮಳೆ. ಎಲ್ಲರೂ ತಲೆಯೆತ್ತಿದರು. ಒಂದು ಹನಿಯೂ ಇಳಿಯಲಿಲ್ಲ.

“ನಾಳೆಯಿಂದಲೇ ಸಾಲಿ ನಡೀಲಿ. ಇದನ್ನ ಹೊದಿಸಿದವರು ಯಾರು?” ಎಂದರು ಸಾಹೇಬರು.

“ನಮ್ಮ ಚಂದ್ರಭಾಗಾರಿ,” ಎಂದ ಧೊಂಡಿಬಾ, ಎದೆಯುಬ್ಬಿಸಿ. “ಏಣಿ ನಾ ಹಿಡಿದಿದ್ದೆರಿ.”

ಅವಳು ಹೊರಗೆ ನೆನೆಯುತ್ತ ನಿಂತಿದ್ದಳು. ಕರೆದರೆ, “ಇರಲಿರಿ, ಕಾಲು ರಾಡಿ ಆಗ್ಯಾವ,” ಎಂದಳು. ಕೌಸಲ್ಯಾ ಅಜ್ಜಿಯ ಕೈಹಿಡಿದು ಎಳೆತಂದು ಮೊದಲ ಸಾಲಿನಲ್ಲಿ ಕೂಡಿಸಿದಳು. ಚಂದ್ರಭಾಗಾ ಒಮ್ಮೆ ಮೇಲೆ ನೋಡಿ, ನಗು ಅಡಗಿಸಿಕೊಂಡು, ಮೊಮ್ಮಗಳ ಕಿವಿಯಲ್ಲಿ ಹೇಳಿದಳು:

“ಆ ಮೂರನೇ ಸಾಲು ತುಸು ಸೊಟ್ಟ ಆಗ್ಯದ. ಯಾರಿಗೂ ಹೇಳಬ್ಯಾಡ.”